ಊಟಕ್ಕೆ ಬಂದ ಸ್ಪಿನ್ ಬೌಲರ್

ಎಂಬತ್ತೈದರ ಡಿಸೆಂಬರ್, ಅಡಿಲೇಡಿನ ಬೇಸಿಗೆ. ಸಂಜೆ ಆರಾದರೂ ಸ್ಯಾಲಿಸ್‌ಬರಿ ಬಡಾವಣೆಯ ಬಿಸಿಲು ಅಂಗಳ ಬಿಟ್ಟು ಕದಲಿರಲಿಲ್ಲ. ಆ ಹೆಸರು ಸಿದ್ದಲಿಂಗಯ್ಯನವರ ಕಿವಿಗೆ ಮತ್ತೆ ಬಿತ್ತು.

"ಮಹಾಬಲೇಶ್ವರ್ ಅವರನ್ನ ನೋಡಿ ಕಲಿ," ಎನ್ನುತ್ತಿದ್ದ ಮಗ ಲಿಂಗರಾಜ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವನು ಟೈ ಕೂಡ ಬಿಚ್ಚದೆ. "ಇಂಡಿಯಾಕ್ಕೆ ಸ್ಪಿನ್ ಬೌಲಿಂಗು, ಜೊತೆಗೆ ಫಿಸಿಕ್ಸಲ್ಲಿ ಡಾಕ್ಟರೇಟ್! ಮಾತಾಡಿದ್ರೆ ಕೇಳ್ತಾನೇ ಇರಬೇಕು. ಮೊದ್ಲು ಓದು, ಆಮೇಲೆ ಆಟ."

ಮೊಮ್ಮಗಳು ಮೈತ್ರೇಯಿಗೆ ಹದಿನಾರು. ನಾನೂರು ಮೀಟರ್ ಓಟಕ್ಕೆ ಶಾಲೆಗಳ ತಂಡದಲ್ಲಿ ಆಯ್ಕೆಯಾಗಿದ್ದಳು. ತಂಡ ಶುಕ್ರವಾರ ಬ್ರಿಸ್ಬೇನಿಗೆ ಹೊರಡಬೇಕು. ಒಪ್ಪಿಗೆಯ ಫಾರಂ ಮಾತ್ರ ಸಹಿಯಿಲ್ಲದೆ ವಾರದಿಂದ ಫ್ರಿಜ್ ಮೇಲೆ ಬಿದ್ದಿತ್ತು. ಮುಂದಿನ ವರ್ಷ ಹನ್ನೆರಡನೆಯ ಕ್ಲಾಸಿನ ಮೆಟ್ರಿಕ್ ಪರೀಕ್ಷೆ, ರಜೆಯೆಲ್ಲ ಓದಲಿ ಎಂದು ಅಪ್ಪನ ಹಟ.

"ಇವತ್ತು ಅವ್ರೇ ಊಟಕ್ಕೆ ಬರ್ತಾರೆ. ಅವ್ರು ಹೂಂ ಅಂದ್ರೆ ಸಹಿ ಹಾಕ್ತೀನಿ."

ಮನೆಯ ಹುಡುಗಿಯ ವಿಷಯಕ್ಕೆ ಊಟಕ್ಕೆ ಬರುವವನ ತೀರ್ಪೇ! ಸಿದ್ದಲಿಂಗಯ್ಯ ಕನ್ನಡಕ ತೆಗೆದು ಒರೆಸಿಕೊಂಡರು.

ಪಂದ್ಯ ಆಡಲು ಭಾರತ ತಂಡದ ಜೊತೆ ಅಡಿಲೇಡಿಗೆ ಬಂದಿದ್ದ ಮಹಾಬಲೇಶ್ವರ ಊಟಕ್ಕೆ ಬಂದ. ಆ ಊರಲ್ಲಿ ಅವನಿಗೆ ಅದು ಐದನೆಯ ಮನೆಯ ಬಿಸಿಬೇಳೆಬಾತು. ಆದರೂ ಸೊಸೆ ಇಂದಿರಾ ಬಡಿಸಿದ್ದನ್ನು ಚೆನ್ನಾಗಿ ಹೊಗಳಿ ತಿಂದ. ಮಾತು ನಿಜಕ್ಕೂ ಸೊಗಸು. ಲಿಂಗರಾಜ ಮಗಳ ಪ್ರಯಾಣದ ವಿಷಯ ಎತ್ತಿದಾಗ, ದೇಹಕ್ಕೂ ಶಿಸ್ತು ಬೇಕು, ಬುದ್ಧಿಗೂ ಬೇಕು ಎಂದು ಒಂದು ಗಂಟೆ ಹೇಳಿದ. ಸಿದ್ದಲಿಂಗಯ್ಯನವರಿಗೂ ಹಿತವಾಯಿತು. ಆದರೆ ಅಷ್ಟುದ್ದದ ಮಾತಿನಲ್ಲಿ ಶುಕ್ರವಾರ ಎಲ್ಲೂ ಬರಲಿಲ್ಲ.

"ಅದೆಲ್ಲ ಸರಿ ಸ್ವಾಮಿ," ಎಂದರು ಕೊನೆಗೆ. "ಹುಡುಗಿ ಹೋಗಬೇಕೋ, ಬೇಡವೋ?"

ಅವನ ಮುಖ ಕೆಂಪಾಯಿತು. "ನನ್ನನ್ನ ಕೇಳ್ತೀರಲ್ಲ ತಾತಾ! ನನ್ನ ಥೀಸಿಸ್ಸೇ ಏಳು ವರ್ಷದಿಂದ ಮುಗ್ದಿಲ್ಲ. ಬರೆಯೋಕೆ ಕೂತಾಗೆಲ್ಲ ಒಂದು ಟೂರ್ ಬರುತ್ತೆ, ಬ್ಯಾಗ್ ಎತ್ಕೊಂಡು ಹೊರಟ್ಬಿಡ್ತೀನಿ. ಪೇಪರಿನವ್ರು ಡಾಕ್ಟರ್ ಅಂತ ಬರೆದ್ಬಿಟ್ರು."

ಲಿಂಗರಾಜನ ಕಣ್ಣು ಒದ್ದೆಯಾಯಿತು. "ನೋಡಿದ್ಯಾ ಮೈತ್ರೇಯಿ, ಎಂಥ ವಿನಯ! ಇದನ್ನೂ ಕಲಿ."

"ವಿನಯ ಅಲ್ಲ ಡಾಕ್ಟ್ರೇ, ನಿಜ."

"ನೋಡು, ಮತ್ತೆ ವಿನಯ!"

"ಓ, ಡ್ಯಾಡ್!" ಎಂದು ಮೈತ್ರೇಯಿ ತಲೆ ಹಿಡಿದುಕೊಂಡಳು.

ಸಿದ್ದಲಿಂಗಯ್ಯ ಎದ್ದು ಹೋಗಿ ಫಾರಂ ತಂದರು. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವರಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? "ಸಹಿ ಹಾಕೋ ಗೆರೆ ಕೆಳಗೆ ಏನಿದೆ, ಓದಮ್ಮ."

"ಪೇರೆಂಟ್, ತಾತಾ."

"ಅಪ್ಪ ಅಂತಲೇ ಇದೆಯಾ?"

"ನೋ... ಅಮ್ಮ ಈಸ್ ಓಕೆ ಟೂ."

ಇಂಗ್ಲಿಷ್ ಓದಿದವರು ಮೂವರಿರುವ ಮನೆ. ಒಂದು ವಾರ ಅದು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ! "ಇಂದಿರಾ, ಪೆನ್ನು ತಗೋ."

"ನಾನೂ ಇವ್ರನ್ನೇ ಕಾಯ್ಕೊಂಡು ಕೂತಿದ್ನಲ್ಲ ಮಾವ, ದಡ್ಡಿ ಥರ," ಎಂದು ಇಂದಿರಾ ಸೆರಗಿಗೆ ಕೈ ಒರೆಸಿ ಸಹಿ ಹಾಕಿದಳು.

"ಅವ್ರಿನ್ನೂ ಹೂಂ ಅಂದಿಲ್ಲ!" ಎಂದ ಲಿಂಗರಾಜ.

"ಮೊಸರನ್ನ ಉಣ್ಣೋ," ಎಂದರು ಸಿದ್ದಲಿಂಗಯ್ಯ.

ಗುರುವಾರ ಕ್ರಿಕೆಟ್ ತಂಡ ಪರ್ತಿಗೆ ಹೋಯಿತು. ಲಿಂಗರಾಜ ಗೊಣಗುತ್ತಲೇ ಮಗಳ ಬ್ಯಾಗಿಗೆ ಫಿಸಿಕ್ಸ್ ಪುಸ್ತಕ ತುರುಕಿದ. ಮೈತ್ರೇಯಿ ಬ್ರಿಸ್ಬೇನಿಗೆ ಹೊರಟದ್ದು ಶುಕ್ರವಾರ ಬೆಳಿಗ್ಗೆ.