ಅಚ್ಚಿಲ್ಲದ ಗುಡ್ಡಗಳು

ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಮರುಳಸಿದ್ದಮ್ಮನಿಗೂ ತಾಳ್ಮೆಗೂ ಎಣ್ಣೆ ಸೀಗೇಕಾಯಿ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗೆಂದು ನವಿಲಿನ ಅಚ್ಚಿಗೆ ಪಾಕ ಎರೆದು, ಅದು ಆರುವ ಮೊದಲೇ ಅಚ್ಚು ಬಿಚ್ಚಿದಳು. ನವಿಲಿನ ಕುತ್ತಿಗೆ ಮುರಿಯಿತು. ಮತ್ತೆ ಎರೆದಳು, ಮತ್ತೆ ಮುರಿಯಿತು. ಮುರಿದ ಆರತಿಯನ್ನು ಬೀಗರ ಮನೆಗೆ ಒಯ್ಯುವಂತಿಲ್ಲ. ಕೊನೆಗೆ ಮಗ ಬಸವಕುಮಾರನೇ ಅಚ್ಚನ್ನು ಅವಳ ಕೈಗೆ ಸಿಗದಂತೆ ಎತ್ತಿಟ್ಟು, ಪಾಕ ಆರಿದ ಮೇಲೆ ತಾನೇ ಬಿಚ್ಚಿದ; ನವಿಲು ಇಡಿಯಾಗಿ ಬಂತು.

ನಿಶ್ಚಯವಾದ ಹುಡುಗಿಗೆ ಮದುವೆಯಾಗುವ ತನಕ ಈ ಹುಣ್ಣಿಮೆಗೆ ಗಂಡಿನ ಮನೆಯಿಂದ ಸೀರೆ, ಸಕ್ಕರೆ ಆರತಿ ಹೋಗಬೇಕು. ಈ ಸಲ ಮರುಳಸಿದ್ದಮ್ಮ ಬುಟ್ಟಿಯ ಜೊತೆ ಒಂದು ಮಾತನ್ನೂ ಹೊತ್ತು ಹೊರಟಿದ್ದಳು: ಮಾಘದಲ್ಲಿ ಮದುವೆ, ಇಲ್ಲವಾದರೆ ಸಂಬಂಧವೇ ಬೇಡ. ಸಂಶೋಧನೆ ಮುಗಿಯಲು ಇನ್ನೂ ಒಂದು ವರ್ಷ ಬೇಕೆಂದು ಹುಡುಗಿ ಶೈಲಜಾ ಕೇಳಿದ್ದಳು. ಕಾಯುತ್ತೇನೆ ಎಂದಿದ್ದ ಬಸವಕುಮಾರ. ಅವನದೇನು, ಕೋಲೆಬಸವ! ಊರವರ ಬಾಯಿಗೆ ಉತ್ತರ ಕೊಡುವವಳು ತಾಯಿ.

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಬೀಗರ ಮನೆಯಲ್ಲಿ ಪೂಜೆ ಮುಗಿದ ಮೇಲೆ ಶೈಲಜಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅದೇನು ಅಂಥ ಕೆಲಸ ಎಂದು ಕೇಳಿದಳು. ಶೈಲಜಾ ಸಕ್ಕರೆ ನವಿಲನ್ನೇ ನೋಡುತ್ತ ಹೇಳತೊಡಗಿದಳು. ಒಂದು ಹರಳಿನ ಮೇಲೆ ಬೇರೆ ಜಾತಿಯ ಪರಮಾಣುಗಳನ್ನು ಸುರಿಸುತ್ತಾರೆ. ಮೊದಲು ಅವು ನೆಲ ಸಾರಿಸಿದ ಹಾಗೆ ಸಮನಾಗಿ ಹರಡುತ್ತವೆ. ಆದರೆ ಕೆಳಗಿನವಕ್ಕಿಂತ ತುಸು ದೊಡ್ಡವಾದ್ದರಿಂದ ಇಕ್ಕಟ್ಟಾಗುತ್ತದೆ. ಪದರ ಸ್ವಲ್ಪ ದಪ್ಪವಾಯಿತೋ, ತಮ್ಮಷ್ಟಕ್ಕೆ ತಾವೇ ಗುಂಪುಗೂಡಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಡ್ಡಗಳಾಗಿ ಏಳುತ್ತವೆ. ಅಚ್ಚೂ ಇಲ್ಲ, ಕೈಯೂ ತಾಗುವುದಿಲ್ಲ. ಆ ಗುಡ್ಡಗಳಿಂದ ಬೇಕಾದ ಬಣ್ಣದ ಬೆಳಕು ತೆಗೆಯಬಹುದು. ಆತುರಪಟ್ಟಾಗಲೆಲ್ಲ ತನ್ನವು ಕೆಟ್ಟಿವೆ ಎಂದಳು.

"ಸರಿಯಾಗಿ ಹೊಂದೋ ಅಂಥವನ್ನ ಹಾಕಿದ್ರ ಆಗಂಗಿಲ್ಲೇನು?"

"ಪೂರಾ ಹೊಂದಿದ್ರ ಗುಡ್ಡ ಏಳಂಗಿಲ್ರಿ ಅತ್ತಿ, ಚಪ್ಪಟಿ ಉಳಿತಾವ. ಭಾಳ ಹೊಂದದಿದ್ರ ಹರಳು ಕೆಡತೈತಿ. ಒಂಚೂರು ಇಕ್ಕಟ್ಟು ಇರಬೇಕು. ಆಮ್ಯಾಲ ಕಾಯ್ಬೇಕು."

ಮರುಳಸಿದ್ದಮ್ಮನಿಗೆ ತಾನು ಗಿರಣಿ ಮನೆಗೆ ಸೊಸೆಯಾಗಿ ಬಂದ ಹೊಸದು ನೆನಪಾಯಿತು. ಆ ಇಕ್ಕಟ್ಟಿನಲ್ಲಿ ಅವಳಿಗಾಗಿ ಯಾರೂ ಕಾದಿರಲಿಲ್ಲ. ಹೊತ್ತು ತಂದ ಮಾತನ್ನು ಅಲ್ಲಿಯೇ ಕೈಬಿಟ್ಟಳು. ಹುಡುಗಿಯ ಮೇಲೆ ಅಕ್ಕರೆ ಉಕ್ಕಿ ಬಂತು.

ಹೊರಡುವಾಗ ಶೈಲಜಾಳ ತಂದೆ ಮಲ್ಲಿಕಾರ್ಜುನ್ ಅಳುಕುತ್ತಲೇ ಮದುವೆಯ ಮಾತೆತ್ತಿದರು. ಮರುಳಸಿದ್ದಮ್ಮ ಹುಡುಗಿಯ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.

"ಬರೋ ವರ್ಷದ ಗೌರಿ ಹುಣ್ಣಿಮಿಗೂ ನಾ ಸಕ್ಕರಿ ಆರತಿ ತರ್ತೀನ್ರಿ. ಅಚ್ಚು ಮಾತ್ರ ನನ್ನ ಮಗನ ಕೈಲೆ ಬಿಚ್ಚಸ್ತೀನಿ."