ಬನ್ನಕ್ಕನ ಕೈ

ಸಿಟ್ಟು ಬಂದ ದಿನ ಬನ್ನಕ್ಕ ಹಿಟ್ಟು ನಾದುತ್ತಿರಲಿಲ್ಲ, ಗುದ್ದುತ್ತಿದ್ದಳು. ಆ ವಾರವಿಡೀ ಗುದ್ದಿದಳು. ಮಾರುಕಟ್ಟೆ ಬೀದಿಯ ಮೂಲೆಯಲ್ಲಿ ಹದಿನೇಳು ವರ್ಷದಿಂದ ಅವಳ ಬೇಕರಿ. ಬೆಳಗ್ಗೆ ಎಂಟು ಹೊಡೆಯುವಷ್ಟರಲ್ಲಿ ಬರಿದಾಗುತ್ತಿದ್ದ ತಟ್ಟೆಗಳು ಈಗ ಮಧ್ಯಾಹ್ನವಾದರೂ ತುಂಬಿಕೊಂಡೇ ಕೂತಿರುತ್ತಿದ್ದವು. ಗಿರಾಕಿಗಳು ಬೀದಿಯ ಎದುರು ಬದಿಯಲ್ಲಿ, ಏನೋ ನೆನಪಾದವರಂತೆ ನೆಲ ನೋಡುತ್ತ ದಾಟಿಹೋಗುತ್ತಿದ್ದರು.

“ಅತ್ತಿಗೆ, ಹೀಗೇ ಆದ್ರೆ ಮುಂದಿನ ವಾರ ಒಲೆ ಹಚ್ಚೋದೇ ಬೇಡ,” ಎಂದಳು ಒಲೆ ನೋಡಿಕೊಳ್ಳುವ ನಾದಿನಿ, ಒಣಗಿದ ಬನ್ನುಗಳನ್ನು ಚೀಲಕ್ಕೆ ತುಂಬುತ್ತ. “ನಾವಿಬ್ರೇ ಎಷ್ಟು ಅಂತ ತಿನ್ನೋದು? ನಾನೇ ಬನ್ನಿನ ಥರ ಉಬ್ಬಿಹೋಗಿದೀನಿ.”

ಬನ್ನಕ್ಕನಿಗೆ ನಗು ಬರಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ಕಿಟಕಿ. ಊರಿಗಿದ್ದದ್ದು ಒಂದೇ ಕ್ಲಿನಿಕ್ಕು. ಸಂತೆಯ ದಿನ ಅದರ ಹಜಾರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಕ್ಕಡಿ ಬಿಟ್ಟು ಬಂದವರು, ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡವರು, ಕೋಳಿಯ ಪುಕ್ಕ ಇನ್ನೂ ತೋಳಿಗೆ ಅಂಟಿಕೊಂಡಿರುವವರು, ಎಲ್ಲರೂ ಎರಡು ಬೆಂಚುಗಳಲ್ಲಿ ಒತ್ತಿಕೊಂಡು ಕೂರುತ್ತಾರೆ. ಗಾಜಿನ ಕಿಟಕಿಯ ಹಿಂದೆ ಚೀಟಿ ಕೊಡುವ ಹೆಂಗಸು. ಅವಳ ಗಂಟಲಿಗೆ ಮೆಚ್ಚಿ ಊರು ಕೊಟ್ಟ ಬಿರುದು ಮೈಕು ಮೇಡಂ. ಮೊದಲೆಲ್ಲ ಹೆಸರು ಹೇಳಿದರೆ ಚೀಟಿ ಸಿಗುತ್ತಿತ್ತು. ಈ ವರ್ಷ ಯಾವನೋ ಬುದ್ಧಿವಂತ ಒಂದು ಪ್ರಶ್ನೆಪಟ್ಟಿ ಅಚ್ಚು ಹಾಕಿಸಿದ್ದ. ಯಾರನ್ನು ಮೊದಲು ಒಳಗೆ ಬಿಡಬೇಕೆಂದು ತೀರ್ಮಾನಿಸುವುದಕ್ಕೆ ಅದನ್ನು ಪ್ರತಿಯೊಬ್ಬರಿಗೂ ಓದಿ ಹೇಳಿ ಟಿಕ್ಕು ಹಾಕಬೇಕಂತೆ.

ಬನ್ನಕ್ಕನ ಬಲಗೈ ಮಣಿಕಟ್ಟಿನ ಹತ್ತಿರ ಕೆಂಪಗೆ ಒಡೆದು ಹೊಟ್ಟು ಏಳುತ್ತಿತ್ತು. ಕಳೆದ ಸಂತೆಯ ದಿನ ತೋರಿಸಲು ಹೋದಳು.

“ಚರ್ಮದ ಕಾಯಿಲೆನಾ?” ಎಂದಳು ಮೈಕು ಮೇಡಂ, ಪಟ್ಟಿಯಿಂದ ತಲೆ ಎತ್ತದೆ. “ಕೈಯಲ್ಲಾ? ಕೀವು ಬರುತ್ತಾ? ಮನೇಲಿ ಬೇರೆ ಯಾರಿಗಾದ್ರೂ ಅಂಟಿದ್ಯಾ?”

ಎಲ್ಲಕ್ಕೂ ಬನ್ನಕ್ಕ ಮೆಲ್ಲಗೆ ಉತ್ತರ ಹೇಳಿದಳು. ಒಳಗೆ ಡಾಕ್ಟರು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಸೋರಿಯಾಸಿಸ್, ಯಾರಿಗೂ ಅಂಟುವುದಿಲ್ಲ, ನಿಶ್ಚಿಂತೆಯಿಂದ ಕೆಲಸ ಮಾಡಿ ಎಂದು ಮುಲಾಮು ಬರೆದುಕೊಟ್ಟರು. ಆದರೆ ಅಷ್ಟರಲ್ಲಿ ಪ್ರಶ್ನೆಗಳು ಸಂತೆಗೆ ಹೋಗಿಯಾಗಿತ್ತು. ಉತ್ತರಗಳು ಕಿಟಕಿಯಲ್ಲೇ ಉಳಿದವು. ಸಂಜೆಯ ಹೊತ್ತಿಗೆ ಬನ್ನಕ್ಕನ ಕೈ ಕೊಳೆಯುತ್ತಿದೆಯಂತೆ ಎಂಬಲ್ಲಿಗೆ ಮಾತು ಬಂದು ನಿಂತಿತ್ತು.

ಮರುದಿನವೇ ಕ್ಲಿನಿಕ್ಕಿಗೆ ಹೋಗಿ, ಊರಿಗೆಲ್ಲ ಕೇಳುವ ಹಾಗೆ ಕಾಯಿಲೆ ವಿಚಾರಿಸಿದ್ದರ ಮೇಲೆ ದೂರು ಕೊಟ್ಟು ಬಂದಳು. ಆಮೇಲೆ ನಾಲ್ಕು ದಿನ ಕಾದಳು. ಸಂತೆಯ ಹಿಂದಿನ ದಿನ ತಡೆಯಲಾರದೆ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಸೀದಾ ಕಿಟಕಿಯ ಮುಂದೆ ನಿಂತಳು.

“ಅವತ್ತು ಕೇಳಿದ್ರಲ್ಲ, ಅಂಟುತ್ತಾ ಅಂತ. ಡಾಕ್ಟ್ರು ಇಲ್ಲ ಅಂದಿದಾರೆ. ಅದನ್ನ ಈಗ ಅದೇ ಗಂಟಲಲ್ಲಿ ಹೇಳಿ. ಎಲ್ರೂ ಕೇಳಲಿ.”

ಮೈಕು ಮೇಡಂ ಹುಟ್ಟಿದಾಗಿನಿಂದ ಮೊದಲ ಸಲ ಪಿಸುಗುಟ್ಟಿದಳು. “ಹಾಗೆಲ್ಲ ಹೇಳೋ ಹಾಗಿಲ್ಲಮ್ಮ. ರೋಗಿಗಳ ವಿಷಯ ಗುಟ್ಟಾಗಿರಬೇಕು. ನೀವೇ ತಾನೆ ದೂರು ಕೊಟ್ಟಿದ್ದು?” ಎಂದು ಗೋಡೆಯ ಕಡೆ ಪೆನ್ನು ತೋರಿಸಿದಳು. ಅಲ್ಲಿ ಹೊಚ್ಚಹೊಸ ಫಲಕವೊಂದು ನೇತಾಡುತ್ತಿತ್ತು: ನಿಮ್ಮ ಮಾಹಿತಿಯನ್ನು ಗೌಪ್ಯವಾಗಿಡುವುದು ನಮ್ಮ ಹೊಣೆ.

ಬನ್ನಕ್ಕನ ಮೈಯೆಲ್ಲ ಉರಿದುಹೋಯಿತು. ಮಾನ ಕಳೆಯುವಾಗ ಇಲ್ಲದ ನಿಯಮ ಮಾನ ಉಳಿಸುವಾಗ ಎದ್ದು ಬಂದಿತ್ತು! ಸರದಿಯವರು ಬೇಡ ಬೇಡವೆನ್ನುತ್ತಿದ್ದಂತೆಯೇ ಡಾಕ್ಟರ ಕೋಣೆಗೆ ನುಗ್ಗಿದಳು.

ಡಾಕ್ಟರು ಕೆಟ್ಟವರಲ್ಲ. ಎಲ್ಲವನ್ನೂ ಕೇಳಿಸಿಕೊಂಡು, “ಒಂದು ಸರ್ಟಿಫಿಕೇಟ್ ಕೊಡ್ತೀನಿ, ಅಂಗಡೀಲಿ ಅಂಟಿಸಿ,” ಎಂದು ಲೆಟರ್‌ಹೆಡ್ ಎಳೆದುಕೊಂಡು ಬರೆಯತೊಡಗಿದರು. ಬನ್ನಕ್ಕ ಅವರ ಮೇಜನ್ನು ನೋಡುತ್ತ ನಿಂತಳು. ಬಿ.ಪಿ. ಯಂತ್ರದ ಪಕ್ಕ, ಸಂಜೆ ಮನೆಗೆ ಒಯ್ಯಲೆಂದು ಇಟ್ಟ ಬ್ರೆಡ್ಡಿನ ಪೊಟ್ಟಣ. ಬಸ್ ನಿಲ್ದಾಣದ ಬೇಕರಿಯದು. ಒಂಬತ್ತು ವರ್ಷದಿಂದ ಡಾಕ್ಟರ ಮನೆಗೆ ದಿನಾ ಬ್ರೆಡ್ಡು ಹೋಗುತ್ತಿದ್ದದ್ದು ತನ್ನಲ್ಲಿಂದ. ಈ ವಾರ ಯಾರೂ ಬರದಿದ್ದಾಗ ಮನೆಯವರು ಪರ ಊರಿಗೆ ಹೋಗಿರಬೇಕು ಅಂದುಕೊಂಡಿದ್ದಳು, ಪೆದ್ದಿ.

“ಇದೇನು ಡಾಕ್ಟ್ರೇ?”

ಪೆನ್ನು ನಿಂತಿತು. “ಅದು... ಮನೆಯವಳು ಸ್ವಲ್ಪ ಅನುಮಾನದವಳು. ಮೊಮ್ಮಕ್ಕಳಿರೋ ಮನೆ...”

“ಮೊಮ್ಮಕ್ಕಳಿಗೆ ಅಂಟುತ್ತಾ?”

“ಛೆ, ಇಲ್ಲ.”

“ಅದನ್ನ ಮನೇಲಿ ಹೇಳಿದ್ರಾ?”

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

ಬನ್ನಕ್ಕ ಬಾಗಿಲಿನತ್ತ ತಿರುಗಿದಳು. ಹೊರಗೆ ಇಪ್ಪತ್ತು ಜನ. ಬಾಗಿಲು ದೂಡಿ ಒಂದು ಸಲ ಕಿರುಚಿದರೆ ಸಾಕು, ಈ ಮನುಷ್ಯನ ಮುಖ ಇಡೀ ಊರಿನ ಮುಂದೆ ಕಪ್ಪಾಗುತ್ತಿತ್ತು. ಚಿಲಕಕ್ಕೆ ಕೈಯನ್ನೂ ಹಾಕಿದಳು. ಆಗ ಹೊಳೆಯಿತು. ನಾಳೆ ಊರು ಏನೆಂದೀತು? ಡಾಕ್ಟರ ಮನೆಯವರೇ ತಗೊಳ್ಳಲ್ಲವಂತೆ, ಅನ್ನುತ್ತದೆ. ಅಷ್ಟೇ ಮಾತು, ಬೇಕರಿಗೆ ಬೀಗ. ತಪ್ಪು ಅವರದು, ಅದನ್ನು ಮುಚ್ಚಿಡಬೇಕಾದ ಗತಿ ತನ್ನದು! ಹಲ್ಲು ಕಚ್ಚಿದಳು. ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. ತೆರೆಯಲು ಹೋದ ಕೈಯಿಂದಲೇ ಚಿಲಕ ಹಾಕಿ, ದನಿ ತಗ್ಗಿಸಿದಳು.

“ಈ ಕಾಗದ ನಿಮ್ಮ ಮನೆ ಗೋಡೆಗೆ ಅಂಟಿಸಿ. ನಾಳೆ ಸಂತೆ. ಎಂಟು ಗಂಟೆಗೆ ನೀವೇ ನನ್ನ ಅಂಗಡಿಗೆ ಬನ್ನಿ. ನಾನೂ ಬಾಯಿ ಮುಚ್ಕೊಂಡಿರ್ತೀನಿ.”

ಮರುದಿನ ಡಾಕ್ಟರು ಬಂದರು. ಸ್ವಲ್ಪ ತಡವಾಗಿಯೇ, ಬಟ್ಟೆಯ ಚೀಲ ಹಿಡಿದುಕೊಂಡು ಬಂದರು. ಎದುರಿನ ಈರುಳ್ಳಿಯವನ ತಕ್ಕಡಿ ಅರ್ಧಕ್ಕೇ ನಿಂತಿತು. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲಿದ್ದ ಹೆಂಗಸರು ಮಾತು ನಿಲ್ಲಿಸಿದರು.

“ಎರಡು ಬನ್ ಕೊಡಿ,” ಎಂದು ಡಾಕ್ಟರು ಚೀಲದ ಬಾಯಿ ಅಗಲಿಸಿ ಹಿಡಿದರು.

ಬನ್ನಕ್ಕ ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿದಳು. ಕೆಂಪು ಮಣಿಕಟ್ಟು ಬಿಸಿಲಿಗೆ ಬಿತ್ತು. ಅಂಗೈಯಲ್ಲಿ ಒಂದು ಬನ್ನಿಟ್ಟುಕೊಂಡು ಚಾಚಿದಳು, ಚೀಲದ ಕಡೆಗಲ್ಲ, ಅವರ ಎದೆಯ ಮಟ್ಟಕ್ಕೆ. ಡಾಕ್ಟರು ಚೀಲವನ್ನು ಇನ್ನೂ ಸ್ವಲ್ಪ ಮುಂದೆ ತಂದರು. ಅವಳ ಕೈ ಅಲ್ಲಾಡಲಿಲ್ಲ.

“ಕೈ ಕೊಡಿ ಡಾಕ್ಟ್ರೇ.”

ಅವರು ಬೀದಿಯನ್ನೊಮ್ಮೆ ನೋಡಿ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಬನ್ನು ತೆಗೆದುಕೊಂಡಾಗ ಅವರ ಬೆರಳುಗಳು ಅವಳ ಅಂಗೈಗೆ ತಾಗಿದವು. ಅಲ್ಲೇ ಕಚ್ಚಿ ತಿಂದರು. ಅಗಿಯುತ್ತಲೇ, “ಬಿಸಿಯಾಗಿದೆ,” ಎಂದರು, ಅಗತ್ಯಕ್ಕಿಂತ ಗಟ್ಟಿಯಾಗಿ.

ಹತ್ತು ನಿಮಿಷದಲ್ಲಿ ಅಂಗಡಿ ಮುಂದೆ ಸಾಲು ಬೆಳೆಯಿತು. ಬನ್ನಕ್ಕನಿಗೆ ಸಂತೋಷವಾಗಲಿಲ್ಲ. ಆರು ದಿನ ತಾನು ಬಾಯಿ ನೋಯುವಷ್ಟು ಹೇಳಿದ ಮಾತಿಗೆ ಇಲ್ಲದ ಬೆಲೆ ಡಾಕ್ಟರ ಒಂದು ತುತ್ತಿಗೆ ಇತ್ತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಮೊದಲು ನಿಂತವನು ಈರುಳ್ಳಿಯವನೇ. “ನನಗೆ ಗೊತ್ತಿತ್ತು ಅಕ್ಕ, ನಿಮ್ಮ ಕೈಗೆ ಏನೂ ಆಗಿಲ್ಲ ಅಂತ.”

“ಗೊತ್ತಿದ್ರೆ ಆರು ದಿನ ಎಲ್ಲಿ ಸತ್ತಿದ್ಯೋ?”

ಅವನು ಹಲ್ಲು ಕಿರಿದ. ನಾದಿನಿ ಎಂದಿನಂತೆ ಹಳೆ ಪತ್ರಿಕೆಯ ಹಾಳೆ ಹರಿಯಲು ಹೋದಳು. ಬನ್ನಕ್ಕ ಅದನ್ನು ಕಸಿದು ಒಲೆಗೆ ಹಾಕಿದಳು. ಅಂದು ಯಾರಿಗೂ ಕಾಗದ ಸುತ್ತಿ ಕೊಡಲಿಲ್ಲ. ಬೇಕಾದವರು ಕೈ ಚಾಚಿ, ಅವಳ ಕೈಯಿಂದಲೇ ತೆಗೆದುಕೊಂಡು ಹೋದರು.