ಹೆಸರಿನ ಹಬ್ಬ

ಸಂತ ದಿಮಿತರನ ದಿನ, ಅವನ ಹೆಸರು ಹೊತ್ತ ನನ್ನಂಥವರಿಗೆಲ್ಲ ಹೆಸರಿನ ಹಬ್ಬ. ಆ ಸಂಜೆ ಕರೆಯದೆಯೇ ಜನ ಮನೆಗೆ ಬರುವುದು ನಮ್ಮಲ್ಲಿ ವಾಡಿಕೆ. ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಯಾರೂ ಬರುತ್ತಿಲ್ಲ. ಹಾಗಾಗಿ ಈ ಸಲ ಚಾಕೊಲೇಟ್ ಡಬ್ಬಿಯನ್ನು ಅಂಗಿ ಹೊಲಿಯುವ ನಮ್ಮ ಕಾರ್ಖಾನೆಗೇ ಒಯ್ದು ಹಂಚಿದೆ.

ಏಳು ತಿಂಗಳ ಹಿಂದೆ ಬಂದ ಮ್ಯಾನೇಜರ್ ಆಸೆನೋವ್ ಕೂಡ ಒಂದನ್ನು ಬಾಯಿಗೆ ಹಾಕಿಕೊಂಡರು. "ಏನಮ್ಮ ಹದಿನಾಲ್ಕು, ಮೊಮ್ಮಗು ಹುಟ್ತಾ?"

ಹದಿನಾಲ್ಕು ನನ್ನ ಹೊಲಿಗೆ ಯಂತ್ರದ ಸಂಖ್ಯೆ. ಬಂದಾಗಿನಿಂದ ಅವರು ನನ್ನನ್ನು ಕರೆಯುವುದೇ ಹಾಗೆ.

"ಕ್ಯಾಲೆಂಡರ್ ನೋಡಿ ಸಾರ್, ಗೊತ್ತಾಗುತ್ತೆ," ಎಂದಳು ಪಕ್ಕದ ಯಂತ್ರದ ಸ್ತಾಂಕಾ.

ಅವರು ಸುಮ್ಮನೆ ನಕ್ಕು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: ಇಲ್ಲಿ ನಿಮಗೆ ಏನು ಬೇಕು? "ಧೈರ್ಯವಾಗಿ ಬರೀರಿ. ಹೆಸರು ಮಾತ್ರ ಹಾಕ್ಬೇಡಿ."

ಚಳಿಗೆ ಹೀಟರ್ ಬೇಕೆಂದು ಬರೆದ ಸ್ತಾಂಕಾ ನನ್ನ ಹಾಳೆಗೆ ಇಣುಕಿದಳು. "ಹೆಸರು ಬೇಡ ಅಂದ್ರಲ್ಲೇ. ಕಿವೀನ ಮನೇಲಿ ಬಿಟ್ಟು ಬಂದಿದ್ದೀಯಾ?"

"ಕೇಳಿದ್ದಕ್ಕೇ ಉತ್ತರ ಬರ್ದಿದ್ದೀನಿ ಕಣೇ," ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಮರುದಿನ ಆಸೆನೋವ್ ಹಾಳೆಗಳ ಕಟ್ಟು ಹಿಡಿದು ಬಂದರು. "ಒಬ್ರು ಏನು ಬೇಕು ಅಂತ ಬರೆಯೋ ಬದ್ಲು ಬರೀ ಹೆಸರು ಬರ್ದಿದ್ದಾರೆ. ಅದನ್ನ ಪಕ್ಕಕ್ಕೆ ಇಟ್ಟಿದ್ದೀನಿ." ಆ ಹಾಳೆಯನ್ನು ಕನ್ನಡಕದ ಹತ್ತಿರ ತಂದು ನಿಧಾನವಾಗಿ ಓದಿದರು: "ದಿಮಿತ್ರಿನಾ."

ಅದು ಯಾರೆಂದು ಅವರು ತಲೆಯೆತ್ತಿ ನೋಡಲಿಲ್ಲ. ಅಷ್ಟರಲ್ಲಿ ನಾನು ಯಂತ್ರ ನಿಲ್ಲಿಸಿ ಎದ್ದು ನಿಂತಿದ್ದೆ.